ಪಟ್ಟಿಯಲ್ಲಿಲ್ಲದ ವಿಳಾಸ

ಕೇಳುವ ಪುಸ್ತಕಗಳ ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಸಂಪಾದಕಿಗೆ, ಜೊತೆಗೆ ಕೆಲಸ ಮಾಡುತ್ತಿದ್ದ ತಂತ್ರಜ್ಞನ ಮೇಲೆ ಅನುಮಾನ ಹುಟ್ಟಿದ್ದು ಒಂದು ಮಂಗಳವಾರ ಬೆಳಿಗ್ಗೆ.

ದಾರಿ ತೋರಿಸುವವನು ಎಂಬರ್ಥದಲ್ಲಿ ಆಫೀಸಿನವರು ಅವನನ್ನು ‘ರೂಟ್ ಸಾಹೇಬ್ರು’ ಎಂದು ಕಾಲೆಳೆಯುತ್ತಿದ್ದರು. ಪುಸ್ತಕಗಳೆಲ್ಲ ಹೊರಗಿನ ಸಂಸ್ಥೆಯೊಂದರ ಭಂಡಾರದಿಂದ ತಾವಾಗಿ ಸೈಟಿಗೆ ಬರುತ್ತಿದ್ದವು; ಬರುವಾಗ ಬರೀ ಉದ್ದುದ್ದ ನಂಬರು, ಅದೂ ಆಗಾಗ ಬದಲಾಗುತ್ತಿತ್ತು. ಆ ನಂಬರುಗಳಿಗೆ ಓದಬಲ್ಲ ವೆಬ್ ವಿಳಾಸ ಕೊಟ್ಟು, ಕೇಳುಗರನ್ನು ಸರಿಯಾದ ಪುಟಕ್ಕೆ ತಲುಪಿಸುವುದು ಅವನ ಕೆಲಸ. ಮಾತು ಕಡಿಮೆ. ಆದರೆ ಮೀಟಿಂಗಿನಲ್ಲಿ ಅವಳು ಬಾಯಿ ತೆರೆದರೆ ಸಾಕು, ಕೀಬೋರ್ಡಿನ ಮೇಲೆ ಅವನ ಬೆರಳು ನಿಂತುಬಿಡುತ್ತಿತ್ತು. ಅದನ್ನವಳು ಗಮನಿಸಿದ್ದಳು, ಗಮನಿಸಿ ಒಳಗೊಳಗೇ ಹಿಗ್ಗಿದ್ದಳು ಕೂಡ.

ಆ ಮಂಗಳವಾರ ವಿಳಾಸಗಳನ್ನು ತಾಳೆ ನೋಡುವಾಗ ಪಟ್ಟಿಯಲ್ಲಿಲ್ಲದ ಒಂದು ಕಣ್ಣಿಗೆ ಬಿತ್ತು. ಮೆನುವಿನಲ್ಲೂ ಇಲ್ಲ, ಯಾರೂ ಕೇಳಿದ್ದೂ ಅಲ್ಲ. ತೆರೆದರೆ ಅವಳದೇ ಧ್ವನಿ. ಆರು ವರ್ಷದ ಹಿಂದೆ ಆ ಹೊರಗಿನ ಸಂಸ್ಥೆಗೆ ಹೆಸರಿಲ್ಲದೆ ಓದಿಕೊಟ್ಟಿದ್ದ ಕಾದಂಬರಿ. ಪುಟದ ದಾಖಲೆ ನೋಡಿದರೆ, ದಿನಾ ಬೆಳಿಗ್ಗೆ ಹತ್ತಕ್ಕೆ ಯಾರೋ ಅದನ್ನು ತೆರೆಯುತ್ತಿದ್ದರು.

ಧ್ವನಿಯನ್ನು ಕದ್ದು ಯಂತ್ರಗಳಿಗೆ ಕಲಿಸುವವರಿದ್ದಾರೆ ಎಂದು ಎಲ್ಲೋ ಓದಿದ್ದಳು.

“ಈ ವಿಳಾಸ ಯಾರಿಗೆ?” ನೇರವಾಗಿ ಅವನನ್ನೇ ಕೇಳಿದಳು.

“ಅದಾ... ಒಬ್ಬರಿಗೆ ಬೇಕಿತ್ತು.”

“ಒಬ್ಬರು ಅಂದ್ರೆ?”

“ಹೇಳ್ತೀನಿ. ಇವತ್ತು ಬೇಡ.”

ಅವನ ಕಿವಿ ಕೆಂಪಾಯಿತು. ಸಿಕ್ಕಿಬಿದ್ದವರಿಗೆ ಹಾಗಾಗುತ್ತದೆ ಎಂದುಕೊಂಡಳು. ಮರುದಿನ ಮೆಟ್ಟಿಲ ಬಳಿ ಫೋನಿನಲ್ಲಿ ಅವನು ಮೆಲ್ಲಗೆ ಕೇಳುವುದು ಕಿವಿಗೆ ಬಿತ್ತು: “ಬಂತಾ? ಅದೇ ಧ್ವನಿ ತಾನೆ?”

ಇನ್ನೇನು ಬೇಕು? ಮ್ಯಾನೇಜರ್ ಬಳಿ ಹೋಗಿ ಹೇಳಿದಳು. ಮಧ್ಯಾಹ್ನದೊಳಗೆ ಆ ವಿಳಾಸ ಅಳಿಸಿಹೋಯಿತು, ಅವನ ಲಾಗಿನ್ ಮುಚ್ಚಿತು. ಬ್ಯಾಗ್ ಹೆಗಲಿಗೇರಿಸಿ ಹೊರಟವನು ಅವಳತ್ತ ಒಮ್ಮೆ ನೋಡಿದ. ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಕಾಡಿತು.

ಗುರುವಾರ ಹತ್ತೂಕಾಲಿಗೆ ಸಹಾಯವಾಣಿಯ ಫೋನ್ ಬಡಿದುಕೊಂಡಿತು; ಅವಳೇ ಎತ್ತಿದಳು.

“ನನ್ನ ಕಥೆ ತೆರೀತಿಲ್ಲಮ್ಮ,” ವಯಸ್ಸಾದ ಹೆಂಗಸಿನ ದನಿ. “ನನಗೆ ಕಣ್ಣು ಕಾಣಲ್ಲ. ಆ ನಂಬರು ಬದಲಾದಾಗೆಲ್ಲ ಕಥೆ ಕಳೆದುಹೋಗ್ತಿತ್ತು. ಅದಕ್ಕೇ ನನ್ನ ಮಗ ಯಾವತ್ತೂ ಬದಲಾಗದ ಜಾಗ ಒಂದು ಮಾಡಿಕೊಟ್ಟಿದ್ದ. ನಿನ್ನೆಯಿಂದ ಅವನೂ ಮಂಕಾಗಿ ಕೂತಿದ್ದಾನೆ.”

“ಅಮ್ಮಾ, ನೀವು ಯಾರ ತಾಯಿ?”

“ನೀನು ಆ ಓದೋ ಹುಡುಗಿ ಅಲ್ವಾ? ನಿನ್ನ ದನಿ ನನಗೆ ಗೊತ್ತಾಗಲ್ವಾ? ಆಫೀಸಲ್ಲೇ ಇದ್ದಾಳಮ್ಮ ಅಂತ ಹೇಳಿದ್ದ. ಮಾತಾಡ್ಸೋ ಅಂದ್ರೆ ನಾಚ್ಕೋತಾನೆ.”

ಫೋನಿಟ್ಟವಳೇ ಮ್ಯಾನೇಜರ್ ಕೋಣೆಗೆ ಹೋದಳು.

“ತಪ್ಪು ನಂದು, ಸರ್. ಪೂರ್ತಿ ವಿಚಾರಿಸದೆ ದೂರು ಕೊಟ್ಟೆ.”

“ಅವನೂ ಅನುಮತಿ ಕೇಳಬೇಕಿತ್ತಲ್ಲ?”

“ಕೇಳಬೇಕಿತ್ತು. ಅದಕ್ಕೆ ಬೈಯಿರಿ. ಕಳ್ಳ ಅನ್ನಬೇಡಿ.”

ಮ್ಯಾನೇಜರ್ ಅವನನ್ನು ವಾಪಸ್ ಕರೆಸಿದರು. ಶುಕ್ರವಾರ ಅವನು ಬರುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು.

“ಅಮ್ಮ ಎಲ್ಲಾ ಹೇಳಿಬಿಟ್ರಾ?” ಎಂದ, ನಿಂತುಕೊಂಡೇ.

ಅವಳ ಹುಬ್ಬು ಮೇಲೇರಿತು. “ಎಲ್ಲಾ ಅಂದ್ರೆ? ಇನ್ನೇನಿದೆ?”

“ಅಮ್ಮನಿಗೆ ಆ ಕಥೆ ಸಾಕು. ನನಗೆ... ನೀವು ‘ಫೈಲ್ ಕಳಿಸಿ’ ಅಂದ್ರೂ, ಇನ್ನೊಂದ್ಸಲ ಹೇಳಲಿ ಅನ್ಸುತ್ತೆ. ಅದನ್ನ ಹೇಗೆ ಹೇಳೋದು ಅಂತಾನೇ ಅವತ್ತು ಬೇಡ ಅಂದಿದ್ದು.”

ಅವಳು ತಲೆ ತಗ್ಗಿಸಿದಳು. “ಕ್ಷಮಿಸ್ತೀರಾ?”

“ಕಷ್ಟ. ಎರಡು ದಿನ ಕಳ್ಳನಾಗಿದ್ದೆ. ನೋವಾಗಿದೆ.”

“ಭಾನುವಾರ ನಿಮ್ಮನೆಗೆ ಬರ್ತೀನಿ. ಅಮ್ಮನ ಹತ್ರ ತಪ್ಪಾಯ್ತು ಅನ್ನಬೇಕು.”

“ನನ್ನ ಹತ್ರ?”

“ನಿಮ್ಮದು ಒಂದು ಭಾನುವಾರಕ್ಕೆ ಮುಗಿಯೋ ಹಾಗೆ ಕಾಣಲ್ಲ. ಬರ್ತಾನೇ ಇರಬೇಕಾಗುತ್ತೆ.”

ಅವನು ಕೊನೆಗೂ ನಕ್ಕ. ಆ ನಗುವಿನ ಹಿಂದೆ ಏನಿದೆಯೆಂದು ಅವಳು ಕೆದಕಲಿಲ್ಲ. ಪಕ್ಕದಲ್ಲಿದ್ದ ಕೈಚೀಲವನ್ನು ಮಡಿಲಿಗೆಳೆದುಕೊಂಡು, ಅವನಿಗೆ ಕೂರಲು ಜಾಗ ಮಾಡಿದಳು.