ತಣ್ಣಗಾಗದ ಕಾರು

"ಅರುಣಾ, ಗಾಜು ಇಳಿಸಮ್ಮ. ಬೆಂದು ಹೋಗ್ತಿದ್ದೀನಿ."

ಹಿಂದಿನ ಸೀಟಿನಲ್ಲಿ ಒರಗಿದ್ದ ವೆಂಕಟರತ್ನಮ್ಮ ಟೀಚರ್ ದನಿ ತೀರಾ ಸಣ್ಣಗಾಗಿತ್ತು. ಪಕ್ಕದಲ್ಲಿ ಕೂತಿದ್ದ ಭಾನುಪ್ರಿಯ ಗಾಜು ಇಳಿಸಿದಳು. ಬಂಗಾರಪೇಟೆ ರಸ್ತೆಯ ಬಿಸಿಗಾಳಿ, ಮುಂದಿದ್ದ ಟೊಮೇಟೊ ಲಾರಿಯ ಹೊಗೆ, ಎರಡೂ ಒಟ್ಟಿಗೇ ಒಳಗೆ ನುಗ್ಗಿದವು. ಟೀಚರ್ ಕೆಮ್ಮಿದರು. ಭಾನು ಮತ್ತೆ ಗಾಜು ಏರಿಸಿದಳು. ಇಳಿಸಿದರೂ ಕಷ್ಟ, ಏರಿಸಿದರೂ ಕಷ್ಟ.

ಕಾರು ಓಡಿಸುತ್ತಿದ್ದ ಅವಳ ಅಮ್ಮ ಅರುಣಾ ಎ.ಸಿ.ಯನ್ನು ಪೂರ್ತಿ ಜೋರು ಮಾಡಿದಳು. ಅದು ಗುರ್ ಅಂತ ಸದ್ದು ಮಾಡಿತು ಅಷ್ಟೇ. ಗಾಳಿ ಬರಬೇಕಲ್ಲ?

ಟೀಚರ್‌ಗೆ ಕಿಡ್ನಿ ಕಾಯಿಲೆ. ಸೋಮವಾರ, ಗುರುವಾರ ಕೋಲಾರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ತಮ್ಮೂರು ಊರಿಗಾಂಗೆ ವಾಪಸ್ ಬರಬೇಕು. ನೀರನ್ನೂ ಅಳೆದು ಕುಡಿಯಬೇಕು. ಎಷ್ಟೇ ಸೆಕೆಯಾದರೂ ಗಟಗಟ ಅಂತ ಕುಡಿಯುವ ಹಾಗಿಲ್ಲ. ಅಂಥವರನ್ನು ಕಾದ ಬಾಣಲೆಯಂಥ ಕಾರಿನಲ್ಲಿ ಕೂರಿಸಿದರೆ ಏನಾಗಬೇಡ? ಭಾನು ತನ್ನ ಕರ್ಚೀಫು ಒದ್ದೆ ಮಾಡಿ ಟೀಚರ್ ಹಣೆ ಒರೆಸಿದಳು. ಅವಳಿಗೆ ಹೆದರಿಕೆ ಆಗಿತ್ತು.

ಸಂಜೆ ಟೀಚರ್ ಮಗನ ಫೋನ್ ಬಂತು.

"ಅಕ್ಕ, ಅಮ್ಮ ತುಂಬಾ ಸುಸ್ತಾಗಿದ್ದಾರೆ. ಸೋಮವಾರವೂ ಎ.ಸಿ. ಹೀಗೇ ಇದ್ರೆ ಬೇರೆ ಗಾಡಿ ನೋಡ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ."

"ಇಲ್ಲ ಸಾರ್. ಸೋಮವಾರದೊಳಗೆ ಸರಿ ಆಗಿರ್ತದೆ," ಅಂದಳು ಅಮ್ಮ.

ಅಮ್ಮ ಬಾಡಿಗೆಗೆ ಕಾರು ಓಡಿಸಲು ಶುರು ಮಾಡಿದಾಗ ಊರಿಗಾಂನಲ್ಲಿ ಒಬ್ಬರೂ ಹತ್ತಲಿಲ್ಲ. 'ಎಂಗಸು ಓಡಿಸೋ ಗಾಡೀನಾ?' ಅಂತ ನಕ್ಕವರೇ ಎಲ್ಲ. ಆಗ ಸುಮ್ಮನೆ ಬಂದು, ಬಾಗಿಲು ತೆಗೆದು ಕೂತು, "ನಡಿ ಅರುಣಾ" ಅಂದವರು ಈ ಟೀಚರ್. ಅವರನ್ನು ಬೇರೆ ಗಾಡಿಗೆ ಬಿಟ್ಟುಕೊಡಲು ಅಮ್ಮನಿಗೆ ಮನಸ್ಸಿಲ್ಲ. ಭಾನುಗಂತೂ ಇಲ್ಲವೇ ಇಲ್ಲ.

ಬಂಗಾರಪೇಟೆಯ ಗ್ಯಾರೇಜಿನವನು ಬಾನೆಟ್ಟು ಕೂಡ ಎತ್ತಲಿಲ್ಲ. "ಕಂಪ್ರೆಸರ್ ಓಯ್ತು. ಗಾಡಿ ಬಿಟ್ಟೋಗಿ, ಒಂದು ವಾರ ಆಗ್ತದೆ," ಅಂದುಬಿಟ್ಟ.

"ಒಂದು ವಾರ ಬಿಟ್ಟೋದ್ರೆ ಟೀಚರನ್ನ ಎಗಲ ಮೇಲೆ ಒತ್ಕೊಂಡು ಓಗ್ಲಾ?" ಅಂತ ಗೊಣಗುತ್ತಾ ಅಮ್ಮ ಕಾರು ವಾಪಸ್ ತಂದಳು. ಭಾನುವಾರ ಬೆಳಿಗ್ಗೆ ದುಪಟ್ಟಾ ಸೊಂಟಕ್ಕೆ ಬಿಗಿದು, ಸ್ಕ್ರೂಡ್ರೈವರ್ ಹಿಡಿದು ಮನೆ ಮುಂದೆ ನಿಂತಳು.

"ನಾವೇ ನೋಡೋಣ. ಬಾರೇ ಭಾನು."

ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದರು. ಭಾನು ಬಗ್ಗಿ ಕಾರಿನ ಅಡಿ ನೋಡಿದಳು.

"ಅಮ್ಮ, ನೀರು ತೊಟ್ಟಿಕ್ತಾ ಐತೆ."

"ಒಳಗೆ ತಣ್ಣಗಾದ್ರೆ ತಾನೇ ನೀರು ತೊಟ್ಟಿಕ್ಕೋದು? ಅಂಗಾದ್ರೆ ಕಂಪ್ರೆಸರ್ ಚೆನ್ನಾಗೇ ಐತೆ." ಅಮ್ಮ ಗಾಳಿ ಬರುವ ಕಿಂಡಿಗೆ ಕೈ ಒಡ್ಡಿದಳು. ಬರುತ್ತಿದ್ದ ಚೂರುಪಾರು ಗಾಳಿ ತಣ್ಣಗೇ ಇತ್ತು.

ಭಾನುಗೆ ಏನೋ ಹೊಳೆಯಿತು.

"ಡಿಸೆಂಬರ್‌ನಲ್ಲಿ ಈಟರ್ ಆಕಿದ್ರೂ ಇಂಗೇ ಆಗಿತ್ತಲ್ಲಮ್ಮ? ಮುಂದಿನ ಗಾಜಿನ ಮಂಜು ಓಗ್ಲೇ ಇಲ್ಲ. ನಾನು ಟವೆಲ್‌ನಲ್ಲಿ ಒರೆಸ್ತಾ ಕೂತಿದ್ದೆ."

"ಊಂ, ಅದಕ್ಕೆ?"

"ಬಿಸಿದೂ ಬರ್ಲಿಲ್ಲ, ತಣ್ಣಗಿರೋದೂ ಬರ್ತಿಲ್ಲ. ಅಂದ್ರೆ ಕೆಟ್ಟಿರೋದು ಈಟರೂ ಅಲ್ಲ, ಎ.ಸಿ.ನೂ ಅಲ್ಲ. ಗಾಳಿ ಬರೋ ದಾರೀಲೇ ಏನೋ ಆಗೈತೆ."

ಅಮ್ಮ ಅವಳನ್ನೇ ನೋಡಿದಳು. "ಇಷ್ಟು ತಲೆ ಇಟ್ಕೊಂಡು ಮ್ಯಾತ್ಸ್‌ನಲ್ಲಿ ಯಾಕೆ ಮಕಾಡೆ ಬೀಳ್ತೀಯೋ," ಅಂದಳು.

ಮೊಬೈಲಿನಲ್ಲಿ ಅದೇ ಕಾರಿನ ವಿಡಿಯೋ ಹುಡುಕಿದರು. ಇಂಜಿನ್ ಆಫ್ ಮಾಡಿ, ಎಡಗಡೆ ಸೀಟಿನ ಎದುರಿನ, ಸಾಮಾನಿಡುವ ಡಬ್ಬಿ ಬಿಚ್ಚಿದರು. ಅದರ ಹಿಂದೆ ಗಾಳಿ ಸೋಸುವ ಫಿಲ್ಟರ್ ಇತ್ತು. ಬಾ ಅಂದರೆ ಬರಲಿಲ್ಲ. ಅಮ್ಮ ಮೀಟಿದಳು. ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ತಾಗಿ ರಕ್ತ ಬಂತು. "ಸಾಕು ಬಿಡಮ್ಮ," ಅಂದಳು ಭಾನು. ಅಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಮೀಟಿದಳು. ಫಿಲ್ಟರ್ ಕಿತ್ತುಕೊಂಡು ಬಂತು.

ಅದರ ತುಂಬಾ ಒಣಗಿದ ಚೆಂಡುಹೂವಿನ ಎಸಳು. ಅರಿಶಿನ ಹಚ್ಚಿದ ಅಕ್ಕಿ. ಮುಗ್ಗಿದ ಕಡ್ಲೆಪುರಿ. ಅದರ ಹಿಂದಿದ್ದ ಗಾಳಿ ಊದುವ ಫ್ಯಾನಿನ ರೆಕ್ಕೆಗಳ ಸಂದಿಯಲ್ಲೂ ಅದೇ ಕಸ, ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಭಾನುಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಪ್ರತಿ ಅಮಾವಾಸ್ಯೆ ಪಿಳ್ಳಮ್ಮ ಅಜ್ಜಿ ಕಾರಿಗೆ ಪೂಜೆ ಮಾಡುತ್ತಾಳೆ. ಮುಂದಿನ ಗಾಜಿನ ಬುಡದಲ್ಲಿ ಹೂವು, ಅಕ್ಷತೆ, ಪುರಿ ಎಲ್ಲ ಸುರಿಯುತ್ತಾಳೆ. ಕಾರಿನೊಳಕ್ಕೆ ಗಾಳಿ ಹೋಗುವ ಜಾಲರಿ ಇರುವುದೂ ಅಲ್ಲೇ.

"ಎಲ್ಲಾ ಅಜ್ಜಿ ಮಾಡಿರೋದು!" ಭಾನುಗೆ ಸಿಟ್ಟು ನೆತ್ತಿಗೇರಿತು. "ಟೀಚರ್ ಅಷ್ಟು ಒದ್ದಾಡಿದ್ದು ಅಜ್ಜಿಯಿಂದ. ಇದನ್ನ ತಗೊಂಡೋಗಿ ತೋರಿಸ್ತೀನಿ ಇರು."

"ಬೇಡ."

"ಯಾಕೆ ಬೇಡ? ನಾಳೆ ಅಮಾವಾಸ್ಯೆ. ಮತ್ತೆ ತಂದು ಸುರೀತಾಳೆ."

ಅಮ್ಮ ಎಸಳುಗಳನ್ನು ಪೇಪರಿಗೆ ಬಳಿಯುತ್ತಾ ಹೇಳಿದಳು: "ನಾನು ಗಾಡಿ ತಗೊಂಡು ಓದ್ರೆ ವಾಪಸ್ ಬರೋವರೆಗೂ ನಿಮ್ಮಜ್ಜಿ ಬಾಗಿಲು ಬಿಟ್ಟು ಅಲ್ಲಾಡಲ್ಲ. ಸೊಸೆ ಒಬ್ಬಳೇ ರೋಡಲ್ಲಿ ಓಡಾಡ್ತಾಳಲ್ಲಾ ಅಂತ ಅವರಿಗೆ ಜೀವ ಕೈಯಲ್ಲಿ. ಅದಕ್ಕೇ ಈ ಪೂಜೆ. ನೀನು ಓಗಿ ಅದನ್ನ ಕಸ ಅಂತೀಯಾ?"

ಭಾನು ಫಿಲ್ಟರನ್ನು ನೆಲಕ್ಕೆ ಕುಟ್ಟಿ ಕೊಡವಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಬ್ರಷ್ಷಿನಿಂದ ಒಂದೊಂದು ರೆಕ್ಕೆಯನ್ನೂ ಉಜ್ಜಿದರು. ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನು ಅಲ್ಲಾಡಲೇ ಇಲ್ಲ. ಭಾನು ವಿಡಿಯೋವನ್ನು ಮೊದಲಿಂದ ಮತ್ತೆ ನೋಡಿದಳು. ಬಿಚ್ಚುವಾಗ ಕಿತ್ತಿದ್ದ ವೈರನ್ನು ಸಿಕ್ಕಿಸುವುದು ಮರೆತಿದ್ದರು. ಅದನ್ನು ಸಿಕ್ಕಿಸಿದ್ದೇ ತಡ, ಭುಸ್ ಅಂತ ಗಾಳಿ ಬಂದು ಅಮ್ಮನ ಮುಂಗೂದಲು ಹಾರಿತು. ಎರಡು ನಿಮಿಷದಲ್ಲಿ ಭಾನು ಮೂಗು ತಣ್ಣಗಾಯಿತು. ತಾಯಿ ಮಗಳು ಸುಮ್ಮನೆ ಕೂತು ನಗುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಟೀಚರ್ ಬಂದು ಕಾರಿನಲ್ಲಿ ಕೂತರು. ಅಷ್ಟರಲ್ಲಿ ಅಜ್ಜಿ ಪೂಜೆ ತಟ್ಟೆ ಹಿಡಿದು ಹೊರಗೆ ಬಂದಳು. ಅಮ್ಮ ಭಾನು ಮುಖ ನೋಡಿದಳು. ಅಜ್ಜಿಯ ಕೈ ಗಾಜಿನ ಬುಡಕ್ಕೆ ಹೋಗುವ ಮೊದಲೇ ಭಾನು ಅದನ್ನು ಹಿಡಿದುಕೊಂಡಳು.

"ಅಜ್ಜಿ, ಇವತ್ತು ಚಕ್ರಕ್ಕೆ ಆಕು. ಓಡೋದು ಅದೇ ತಾನೇ?"

ಅಜ್ಜಿ ಮೊಮ್ಮಗಳನ್ನು ನೋಡಿದಳು. ಆಮೇಲೆ ಜಾಲರಿಯನ್ನು ನೋಡಿದಳು. ಅಲ್ಲೊಂದು ಅಕ್ಷತೆ ಕಾಳು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಎತ್ತಿದಳು.

"ಒಳಕ್ಕೆ ಬೀಳ್ತಿತ್ತಾ?"

ಭಾನುಗೆ ಸುಳ್ಳು ಹೇಳಲಾಗಲಿಲ್ಲ. "ಊಂ ಅಜ್ಜಿ."

"ಒಂದು ಮಾತು ಏಳ್ಬಾರ್ದಿತ್ತಾ ನಂಗೆ," ಅಂದಳು ಅಜ್ಜಿ, ಅಷ್ಟೇ.

ಕಾರಿನ ಬಾಗಿಲು ಹಿಡಿದು ಮೆಲ್ಲಗೆ ಬಗ್ಗಿದಳು. ಅರ್ಧಕ್ಕೇ ನಿಂತು, ಹಲ್ಲು ಕಚ್ಚಿ, ಇನ್ನೂ ಬಗ್ಗಿದಳು. ಮಂಡಿನೋವಿನ ಅಜ್ಜಿ ಊಟಕ್ಕೂ ಈಗ ನೆಲದ ಮೇಲೆ ಕೂರುವುದಿಲ್ಲ. ಗಾಜಿನ ಬುಡವಾದರೆ ನಿಂತಲ್ಲಿಂದಲೇ ಕೈಗೆ ಸಿಗುತ್ತಿತ್ತು. ಅದು ಭಾನುಗೆ ಈಗ ತಿಳಿಯಿತು.

"ಕೊಡಜ್ಜಿ, ನಾನು ಆಕ್ತೀನಿ."

"ನೀನು ಆಕಿದ್ರೆ ನಿನ್ ಪೂಜೆ ಆಯ್ತದೆ. ನಾನು ದೇವರಿಗೆ ಅರಕೆ ಏಳ್ಕೊಂಡಿರೋದು ನನ್ ಸೊಸೆಗೆ."

ಅಜ್ಜಿ ಮೊದಲ ಚಕ್ರಕ್ಕೆ ಹೂವಿಟ್ಟು, ಎದ್ದು ಎರಡನೇ ಚಕ್ರಕ್ಕೆ ನಡೆದಳು. ಅಮ್ಮ ಕಾರಿನಿಂದ ಇಳಿಯಲು ಹೋದಳು.

"ಇರ್ಲಿ ಬಿಡು ಅರುಣಾ," ಅಂದರು ಒಳಗಿದ್ದ ಟೀಚರ್. "ನಿಧಾನವಾಗಿ ಮಾಡ್ಲಿ. ನಂಗೆ ಇಲ್ಲಿ ತಣ್ಣಗಿದೆ. ಗುರುವಾರವೂ ಇದೇ ಟೈಮಿಗೆ ಹೊರಡೋಣ."

ಮೂರನೇ ಚಕ್ರದ ಹತ್ತಿರ ಅಜ್ಜಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಭಾನು ಹೋಗಿ ಪಕ್ಕದಲ್ಲಿ ನಿಂತಳು. ಅಜ್ಜಿ ಅವಳ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು ಬಗ್ಗಿದಳು. ಅಜ್ಜಿ ಹೂವಿಟ್ಟು ಏಳುವವರೆಗೂ ಭಾನು ಅಲ್ಲಾಡದೆ ನಿಂತಿದ್ದಳು. ಆಮೇಲೆ ಇಬ್ಬರೂ ನಾಲ್ಕನೇ ಚಕ್ರಕ್ಕೆ ಹೋದರು.