ರೆಕ್ಕೆಯೊಳಗಿನ ನೀರು

ದೂರು ಠಾಣೆಗೆ ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ. ತಂದವನು ಪ್ರವಾಸಿಗರನ್ನು ಕೂರಿಸಿಕೊಂಡು ಜಲಪಾತದ ಮೇಲೆ ಸುತ್ತು ಹಾಕುವ ಒಂಟಿ ಎಂಜಿನ್ನಿನ ಪುಟ್ಟ ವಿಮಾನದ ಮಾಲೀಕ. ಮೊಣಕಾಲಿನವರೆಗೂ ಹೊಳೆಯ ಕೆಸರು. ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ನಿಂತುಹೋಗಿ, ಪೈಲಟ್ ಹೇಗೋ ಹೊಳೆದಂಡೆಯ ಮರಳಿನ ಮೇಲೆ ಇಳಿಸಿದ್ದ. ಒಬ್ಬ ಹುಡುಗಿಯ ಕೈ ಮುರಿದಿತ್ತು. ಉಳಿದವರು ಬದುಕಿದ್ದೇ ಪುಣ್ಯ.

"ಪೆಟ್ರೋಲಿಗೆ ಯಾರೋ ನೀರು ಹಾಕಿದ್ದಾರೆ ಸಾರ್."

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಹೇಳಿದ್ರೆ ನಗ್ತೀರ. ನಮ್ಮ ಹಳೇ ಪೈಲಟ್ಟು."

"ಎಲ್ಲಿದ್ದಾನೆ?"

"ಹೋದ ವರ್ಷ ಇದೇ ದಿನ, ಇದೇ ಹೊಳೇಲಿ ಬಿದ್ದು ಸತ್ತ ಸಾರ್. ಅವತ್ತೂ ಟ್ಯಾಂಕಲ್ಲಿ ನೀರಿತ್ತು."

ಇನ್ಸ್‌ಪೆಕ್ಟರ್ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಮುಂದೆ 'ಅಪರಿಚಿತರು' ಎಂದು ಬರೆಸಿದರು. ಸತ್ತವನ ಮೇಲೆ ಗೂಬೆ ಕೂರಿಸಲು ಕಾನೂನಿನಲ್ಲಿ ಜಾಗವಿಲ್ಲವಲ್ಲ!

ವಿಮಾನ ಮರಳಿನಲ್ಲಿ ಮೂಗು ಊರಿ ನಿಂತಿತ್ತು. ಸ್ಥಳ ಪಂಚನಾಮೆ ನಡೆಯುವಷ್ಟು ಹೊತ್ತೂ ಪಂಚರಾಗಿ ಬಂದ ಇಬ್ಬರು ಕೂಲಿಯವರು ಆಕಾಶವನ್ನೇ ನೋಡುತ್ತಿದ್ದರು. ಹಳೆಯ ಪೈಲಟ್ ಸತ್ತ ಮೇಲೆ ಶೆಡ್ಡಿನಲ್ಲಿ ಅವನ ಹೆಡ್‌ಫೋನನ್ನು ಯಾರೂ ಮುಟ್ಟಿಲ್ಲವಂತೆ. ಕೆಲವು ದಿನ ಶುರು ಮಾಡುವ ಮೊದಲೇ ಎಂಜಿನ್ನಿನ ಸದ್ದು ಕೇಳುತ್ತದಂತೆ. ಇನ್ಸ್‌ಪೆಕ್ಟರಿಗೂ ಯಾಕೋ ಬೆನ್ನು ತಣ್ಣಗಾಯಿತು. ಹಾಳಾದ್ದು, ಹಾಡಹಗಲಲ್ಲಿ ಇದೇನು ಎಂದು ತಮ್ಮನ್ನೇ ಬೈದುಕೊಂಡರು.

ಕಾನ್ಸ್‌ಟೇಬಲ್ ಟ್ಯಾಂಕಿನಿಂದ ಬಾಟಲಿಗೆ ಇಳಿಸಿದ. ಮೇಲೆ ಪೆಟ್ರೋಲು, ತಳದಲ್ಲಿ ನೀರು. ತಳದ ನೀರನ್ನಷ್ಟೇ ಬೇರೆ ಬಾಟಲಿಗೆ ತೆಗೆದು ಅಲ್ಲಾಡಿಸಿದರೆ ಬಿಳಿ ನೊರೆ ಎದ್ದಿತು.

"ಸೋಪು ಸಾರ್!"

"ದೆವ್ವ ಸೋಪು ಹಾಕ್ಕೊಂಡು ಕೈ ತೊಳೆಯುತ್ತೇನಯ್ಯಾ?" ಎಂದ ಇನ್ಸ್‌ಪೆಕ್ಟರ್ ಮಾಲೀಕನತ್ತ ತಿರುಗಿದರು. "ಈ ಟ್ಯಾಂಕಿನ ಮುಚ್ಚಳ ರೆಕ್ಕೆ ಮೇಲಿದೆ. ಏಣಿ ಬೇಕು. ಏಣಿ, ಸೋಪು ಎರಡೂ ಇಟ್ಕೊಂಡು ಓಡಾಡೋರು ಯಾರು?"

ಮಾಲೀಕನ ಮುಖ ಬಿಳಿಚಿಕೊಂಡಿತು. "ಕಿಟಕಿ ಗಾಜು ತೊಳೆಯೋ ಅಮ್ಮ. ದಿನಾ ಸಂಜೆ ಬರ್ತಾರೆ. ಆ ಹಳೇ ಪೈಲಟ್ಟಿನ ತಾಯಿ. ಮಗ ಪೆಟ್ರೋಲು ನೋಡದೆ ಹಾರಿದ ಅಂತ ವರದಿ ಬಂತು. ಆ ಮಾತೆತ್ತಿದರೆ ಇವತ್ತಿಗೂ ಪೊರಕೆ ತಗೋತಾರೆ."

ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ಹೊಸ ಪೈಲಟ್‌ನನ್ನು ಪಕ್ಕಕ್ಕೆ ಕರೆದರು.

"ಹಾರೋ ಮುಂಚೆ ಟ್ಯಾಂಕಿನ ತಳದಿಂದ ಒಂದಿಷ್ಟು ಲೋಟಕ್ಕೆ ಇಳಿಸಿ ನೋಡಬೇಕಂತಲ್ಲ?"

"ಹೌದು."

"ಇವತ್ತು ನೋಡಿದ್ರಾ?"

ಅವನು ಬೂಟಿನ ತುದಿ ನೋಡಿಕೊಂಡ. "ಜನ ಕಾಯ್ತಿದ್ರು ಸಾರ್. ನಿನ್ನೆ ಸರಿಯಾಗೇ ಇತ್ತು."

ಅಮ್ಮನ ಮನೆ ವಿಮಾನದ ಓಡುದಾರಿಯ ತುದಿಗೇ ಇತ್ತು. ಬಾಗಿಲು ತೆರೆದೇ ಇತ್ತು. ಮಹಿಳಾ ಪೇದೆ ಜೊತೆಗೆ ಬಂದಿದ್ದಳು. ಅಮ್ಮ ಎಲ್ಲರಿಗೂ ಕುಡಿಯಲು ನೀರು ಕೊಟ್ಟರು. ಇನ್ಸ್‌ಪೆಕ್ಟರ್ ಒಂದೇ ಪ್ರಶ್ನೆ ಕೇಳಿದರು.

"ಹ್ಞೂಂ ಸಾರ್, ನಾನೇ ಹಾಕಿದ್ದು. ಮಗ್ಗಿನಲ್ಲಿ."

"ಯಾಕಮ್ಮಾ?"

"ಇಳಿಯೋಕೆ ನಮ್ಮ ಮನೆ ಮೇಲೆ ಬಂದಾಗ ವಿಮಾನದ ಸದ್ದು ತಗ್ಗುತ್ತೆ. ಅವನಿದ್ದಾಗ ಹಾಗೆ ತಗ್ಗಿದ್ರೆ ಊಟಕ್ಕೆ ಬರ್ತಾನೆ ಅಂತ. ಈಗಲೂ ತಗ್ಗುತ್ತೆ. ನಾನೂ ಬಾಗಿಲಿಗೆ ಓಡ್ತೀನಿ. ಇಲ್ಲ ಅಂತ ಗೊತ್ತಿದ್ದೂ ಓಡ್ತೀನಿ ಸಾರ್, ಏನ್ ಮಾಡ್ಲಿ? ಅವನು ಹೋದ ದಿನ ಇವತ್ತು. ಇವತ್ತೊಂದಿನ ಅದು ಹಾರದೆ ಇದ್ರೆ ಸಾಕಿತ್ತು."

"ಅದು ಹಾರಿತಮ್ಮಾ. ಬಿತ್ತು. ಒಂದು ಮಗುವಿನ ಕೈ ಮುರಿದಿದೆ."

ಅಮ್ಮ ಗೋಡೆ ಹಿಡಿದುಕೊಂಡರು. "ಬೆಳಿಗ್ಗೆ ಗುಡಿಗೆ ಹೋಗಿದ್ದೆ, ಸದ್ದೂ ಕೇಳ್ಲಿಲ್ಲ. ಹೇಗೆ ಹಾರುತ್ತೆ? ಲೋಟದಲ್ಲಿ ನೀರು ಕಂಡರೆ ಹಾರಿಸೋದಿಲ್ಲ. ನೋಡದೆ ಯಾವ ಪೈಲಟ್ಟೂ ಹತ್ತಲ್ಲ ಅಂತ ನನ್ನ ಮಗನೇ ಹೇಳಿದ್ದ."

"ಇವನು ನೋಡಿರ್ಲಿಲ್ಲ."

"ನೋಡಿರ್ಲಿಲ್ವಾ?"

"ಜನ ಕಾಯ್ತಿದ್ರಂತೆ. ಅವಸರ."

ಒಂದು ವರ್ಷ ಊರಿನವರ ಜೊತೆ, ವರದಿ ಬರೆದವರ ಜೊತೆ ಜಗಳವಾಡಿ ಕಾಪಾಡಿಕೊಂಡ ಮಗ ಆಕೆಯ ಕಣ್ಣೆದುರೇ ಎರಡನೇ ಸಲ ಬೀಳುತ್ತಿದ್ದಾನೆ ಎಂದು ಇನ್ಸ್‌ಪೆಕ್ಟರಿಗೆ ಅರ್ಥವಾಯಿತು.

"ಹಾಗಾದ್ರೆ ಅವನೂ ನೋಡಿರ್ಲಿಲ್ಲ," ಎಂದರು ಅಮ್ಮ.

ಮಧ್ಯಾಹ್ನ ಎರಡಕ್ಕೆ ದಸ್ತಗಿರಿಯಾಯಿತು. ಬಕೆಟ್ಟು, ಮಗ್ಗು, ಏಣಿ ಜಪ್ತಿಯಾದವು. ಜೀಪು ಹತ್ತುವಾಗ ಅಮ್ಮ ಮೊದಲು ಕೇಳಿದ್ದು ಆ ಹುಡುಗಿಗೆ ತುಂಬಾ ನೋವಾಗ್ತಿದೆಯಾ ಎಂದು. ಠಾಣೆ ಹತ್ತಿರವಾದಾಗ ಮಹಿಳಾ ಪೇದೆಯ ಕೈ ಹಿಡಿದು ಹೇಳಿದರು:

"'ಯಾಕೋ ನೋಡ್ಲಿಲ್ಲ ನೀನು?' ಅಂತ ಕೆನ್ನೆಗೆರಡು ಬಾರಿಸೋಣ ಅಂದ್ರೆ, ಅವನಿಲ್ವಲ್ಲ ಮಗಳೇ."