ಅವ್ವನ ಹೆಸರು ಕೇಳಿದ ಹುಡುಗಿ

"ಅಕಿ ಏನರ ಕೇಳ್ಲಿ, ಅವ್ವನ ಹೆಸರು ಮಾತ್ರ ಕೊಡಬ್ಯಾಡ ಬೇಟಿ," ಎಂದು ಖುರ್ಷೀದಬೇಗಂ ಮೊಬೈಲನ್ನು ತುದಿಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು.

ಮೋನಮ್ಮನಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮನೆಯ ಮುದುಕಿಗೆ ಆಟ ತೋರಿಸಿದ್ದೇ ತಪ್ಪಾಯಿತು ಎಂದುಕೊಂಡಳು. ಅರ್ಧ ಗಂಟೆಯ ಪುಕ್ಕಟೆ ಆಟ ಅದು. ಜಪಾನಿನ ಕಾರ್ಟೂನಿನ ಚಿತ್ರ ನೋಡುತ್ತ, ಕೆಳಗಿನ ಮಾತು ಓದುತ್ತ, ಅಲ್ಲಲ್ಲಿ ಒಂದು ಉತ್ತರ ಆರಿಸುತ್ತ ಹೋಗಬೇಕು. ಹೆದರಿಸುವ ಕತೆಯೆಂದು ಮೊದಲೇ ಬರೆದಿದ್ದರು. ಮೊದಲ ಪುಟದಲ್ಲೇ ದೊಡ್ಡ ಕಣ್ಣಿನ ಹುಡುಗಿಯೊಬ್ಬಳು ಆಡುವವರ ಹೆಸರು, ಅವರ ತಾಯಿಯ ಹೆಸರು ಕೇಳುತ್ತಿದ್ದಳು.

"ಚಾಚಿ, ನಮ್ಮವ್ವನ ಹೆಸರು ರೇಷನ್ ಕಾರ್ಡಿನಾಗ ಅದ, ಮಾರ್ಕ್ಸ್ ಕಾರ್ಡಿನಾಗ ಅದ. ಮಾಟ ಮಾಡೋರು ಅದೆಲ್ಲಾ ಬಿಟ್ಟು ಈ ಆಟದಾಗ ಬಂದು ಕುಂತಾರೇನ್ರಿ?"

"ನಮ್ಮ ಯಜಮಾನ್ರು ಮಾಟ ತೆಗೀತಿದ್ರು. ಯಾರೇ ಬರ್ಲಿ, ಮೊದಲ ತಾಯಿ ಹೆಸರು ಕೇಳ್ತಿದ್ರು. ಕಟ್ಟಾಕೂ ಅದೇ ಬೇಕು, ಬಿಚ್ಚಾಕೂ ಅದೇ ಬೇಕು." ಮುದುಕಿ ದನಿ ತಗ್ಗಿಸಿದಳು. "ಕಾಗದದಾಗ ಇರೋದು ಬ್ಯಾರೆ. ಕೇಳಿದಾಕಿಗೆ ನೀನಾಗೇ ಕೊಡೋದು ಬ್ಯಾರೆ."

ಮೋನಮ್ಮ ತಲೆಯಾಡಿಸಿ ಒಳಗೆ ಬಂದಳು. ಶಹಾಪುರ ಮತ್ತು ಸುರಪುರದ ನಡುವಿನ ಈ ಕಾಲುವೆ ಕ್ಯಾಂಪಿಗೆ ಬಂದು ಅವಳಿಗೆ ಮೂರು ತಿಂಗಳಾಗಿತ್ತು. ಹನ್ನೆರಡು ಕ್ವಾರ್ಟರ್ಸಿನಲ್ಲಿ ಹತ್ತಕ್ಕೆ ಬೀಗ. ನೀರಾವರಿ ಕಚೇರಿಯ ಕಂಪ್ಯೂಟರಿನಲ್ಲಿ ರೈತರ ಹೆಸರು, ತಂದೆಯ ಹೆಸರು, ಊರು ತುಂಬುವುದು ಅವಳ ಕೆಲಸ. ದಿನಕ್ಕೆ ಇನ್ನೂರು ಜನರ ಹೆಸರು ಬರೆಯುತ್ತಿದ್ದವಳನ್ನು ಹೆಸರು ಹಿಡಿದು ಕರೆಯುವವರು ಆ ಕ್ಯಾಂಪಿನಲ್ಲಿ ಒಬ್ಬರೂ ಇರಲಿಲ್ಲ. ಸಂಜೆ ಐದಕ್ಕೆ ರಾಮಸಮುದ್ರದಿಂದ ಬರುವ ಅವ್ವನ ಫೋನಿಗಾಗಿ ಅವಳು ಇಡೀ ದಿನ ಬದುಕುತ್ತಿದ್ದಳು. ಅಪ್ಪ ಇಲ್ಲ, ಅಣ್ಣ ತಮ್ಮ ಇಲ್ಲ. ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದ ಅವ್ವ ಒಬ್ಬಳೇ ಅವಳ ಬಳಗ.

ಏಪ್ರಿಲ್‌ನ ಭಾನುವಾರ. ಕಾಲುವೆಗೆ ನೀರು ನಿಲ್ಲಿಸಿ ವಾರವಾಗಿತ್ತು. ಒಣಗುತ್ತಿದ್ದ ಕೆಸರಿನಿಂದ ಸತ್ತ ಮೀನಿನ ನಾತ ಕಿಟಕಿಯವರೆಗೆ ಬರುತ್ತಿತ್ತು. ಬಿಸಿಲು ತಾಳದೆ ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿದ್ದಳು. ಹಾಡಹಗಲೇ ಕೋಣೆ ಕತ್ತಲಾಗಿ, ಗೋಣಿಯಿಂದ ತೊಟ್ಟಿಕ್ಕುವ ನೀರಿನ ಸದ್ದೊಂದೇ ಕೇಳುತ್ತಿತ್ತು.

ಮತ್ತೆ ಆಟ ತೆರೆದಳು. ಖಾಲಿ ಜಾಗ ಕಂಡರೆ ತುಂಬುವುದು ಅವಳ ಬೆರಳಿಗೆ ರೂಢಿಯಾಗಿಬಿಟ್ಟಿತ್ತು. ಹೆಸರು: ಮೋನಮ್ಮ. ತಾಯಿಯ ಹೆಸರು: ಬಾಲಮ್ಮ. ಬರೆದು ಮುಗಿಸಿದ ಮೇಲೆ ಮುದುಕಿಯ ಮಾತು ನೆನಪಾಗಿ ಇನ್ನೊಮ್ಮೆ ನಕ್ಕಳು.

ಹುಡುಗಿ ಮತ್ತೆ ತೆರೆಗೆ ಬಂದಳು. ನೀಲಿ ಕೂದಲು, ಶಾಲೆಯ ಸಮವಸ್ತ್ರ. ಯಾರೂ ಇಲ್ಲದ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಊಟವಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೂರು ತಿಂಗಳಲ್ಲಿ ಅವ್ವನನ್ನು ಬಿಟ್ಟರೆ ಈ ಮಾತು ಕೇಳಿದವಳು ಈ ಚಿತ್ರದ ಹುಡುಗಿಯೇ. ಮೋನಮ್ಮನಿಗೆ ಅವಳು ಹಿಡಿಸಿಬಿಟ್ಟಳು.

ನಿನ್ನ ತಾಯಿ ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾಳೆ? ಉತ್ತರಗಳಲ್ಲಿ ಐದು ಗಂಟೆ ಇತ್ತು. ಒತ್ತಿದಳು. ಏನು ಉಣಬಡಿಸುತ್ತಾಳೆ? ರೊಟ್ಟಿ, ಪುಂಡಿಪಲ್ಲೆ. ಅದನ್ನೂ ಒತ್ತಿದಳು. ನಿನ್ನನ್ನು ಏನೆಂದು ಕರೆಯುತ್ತಾಳೆ? ಚಿನ್ನವ್ವ. ಆಟದ ಭರದಲ್ಲಿ ಬೆರಳು ಓಡುತ್ತಿತ್ತು. ಕೊನೆಗೆ ಹುಡುಗಿ ತಲೆ ತಗ್ಗಿಸಿ, ನನಗೆ ತಾಯಿಯಿಲ್ಲ, ನಿನ್ನ ತಾಯಿಯನ್ನು ನನಗೆ ಕೊಡುವೆಯಾ ಎಂದಳು. ಕೆಳಗೆ ಎರಡೇ ಉತ್ತರ. ಕೊಡುವುದಿಲ್ಲ ಎಂದರೆ ಆಟ ಸಪ್ಪಗೆ ಮುಗಿಯುತ್ತದೆ ಎಂಬುದು ಮೋನಮ್ಮನಿಗೆ ಗೊತ್ತಿತ್ತು. 'ಕೊಡ್ತೀನಿ' ಒತ್ತಿದಳು.

ಹುಡುಗಿ ಎದ್ದು ನಿಂತಳು. ಬಾಗಿಲು ತೆರೆದು ಹೊರಗೆ ಹೋದಳು. ಖಾಲಿ ಬೆಂಚು ಉಳಿಯಿತು.

ಇಷ್ಟೇನಾ ಎಂದುಕೊಂಡಳು ಮೋನಮ್ಮ. ಆಮೇಲೆ ಹೊಳೆಯಿತು. ಆಟ ಇಂಗ್ಲಿಷಿನದು. ಪುಂಡಿಪಲ್ಲೆ ಅಲ್ಲಿಗೆ ಹೇಗೆ ಬಂತು? ಚಿನ್ನವ್ವ ಎಂಬ ಹೆಸರು ಮನೆಯ ಹೊಸಿಲು ದಾಟಿದ್ದಿಲ್ಲ. ಅದನ್ನು ಯಾರು ಬರೆದರು?

ಐದಾಯಿತು. ಫೋನ್ ಬರಲಿಲ್ಲ. ಐದೂ ಕಾಲು. ಬರಲಿಲ್ಲ. ಗೋಣಿಯ ಹನಿ ನಿಂತಿತ್ತು. ತಾನೇ ಮಾಡಿದಳು. ಒಂದು ರಿಂಗು. ಎರಡು. ಮೂರು.

"ಯಾರ್ರೀ?" ಅವ್ವನ ದನಿ. ಮೋನಮ್ಮನಿಗೆ ಹೋದ ಜೀವ ಬಂದಂತಾಯಿತು.

"ಅವ್ವಾ, ನಾ. ಯಾಕ ಫೋನ್ ಮಾಡ್ಲಿಲ್ಲ?"

"ಯಾರ್ ಬೇಕಾಗಿತ್ರೀ ನಿಮಗ?"

"ಅವ್ವಾ, ನಾ ಮೋನಾ! ನಿನ್ನ ಮಗಳು!"

"ನನ್ನ ಮಗಳು ಇಲ್ಲೇ ಕುಂತು ಉಣ್ಣಾಕತ್ತಾಳಲ್ರೀ. ಈಗ ಬಂದಾಳ. ಬಿಸಿಲಾಗ ಬಂದು ಮಾರಿ ಬೆಳ್ಳಗ ಆಗ್ಯಾದ, ಪಾಪ." ಅವ್ವ ಆಚೆ ತಿರುಗಿ ಕೇಳಿದಳು, "ಇನ್ನೊಂದು ರೊಟ್ಟಿ ಹಾಕ್ಲೇನ ಚಿನ್ನವ್ವ?"

ಹೂಂ ಎಂದಿತು ಇನ್ನೊಂದು ದನಿ. ಅದು ಮೋನಮ್ಮನದೇ ದನಿ.

ಮೋನಮ್ಮ ಚೀರಿದಳು. ಅದು ನಾನಲ್ಲವ್ವಾ ಎಂದಳು. ಹೊರಗೆ ಓಡು ಎಂದಳು. ಆಣೆ ಇಟ್ಟಳು. ಕೊನೆಗೆ ಬರೀ ಅಳು ಉಳಿಯಿತು.

ಬಾಲಮ್ಮ ಫೋನ್ ಇಡಲಿಲ್ಲ. ಅಳುವವರ ದನಿ ಕೇಳಿ ಸುಮ್ಮನಿರುವ ಹೆಂಗಸಲ್ಲ ಅವಳು. "ಅಳಬ್ಯಾಡ್ರೀ ತಂಗಿ," ಎಂದಳು ಮೆಲ್ಲಗೆ. "ಯಾರ ಮಕ್ಕಳೋ ಏನೋ ನೀವು. ನಿಮ್ಮವ್ವಗ ಫೋನ್ ಹಚ್ರಿ. ದಾರಿ ನೋಡ್ತಿರ್ತಾಳ."

ಮೋನಮ್ಮ ಗೋಡೆಗೆ ಒರಗಿ ಕುಸಿದಳು. ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅಷ್ಟಾದರೂ ಉಳಿಯಲಿ ಎನಿಸಿತು ಅವಳಿಗೆ.

"ಇಡಬ್ಯಾಡ್ರೀ," ಎಂದಳು ಹೆತ್ತ ತಾಯಿಗೆ. "ಇನ್ನೊಂದ್ ಗಳಿಗಿ ಫೋನ್ ಇಡಬ್ಯಾಡ್ರೀ."